ಹೆಸರು ಕೇಳಿದರೆ ಹೇಳಬೇಕಾದ್ದು

ಕಶ್ಯಪನನ್ನು ಮೊದಲ ಸಲ ಬಸ್ಸಿನಿಂದ ಇಳಿಸಿ ಪ್ರಶ್ನೆ ಕೇಳಿದ ದಿನ ಅವನ ತಾಯಿ ಗಂಗಾಲಕ್ಷ್ಮಿ ಜೊತೆಗಿದ್ದರು. ಇಲ್ಲದಿದ್ದರೆ ಏನಾಗುತ್ತಿತ್ತೋ ಎಂದು ಆಮೇಲೆ ಎಲ್ಲರೂ ಹೇಳಿದರು.

ಕಿಗ್ಗದಿಂದ ಶೃಂಗೇರಿಗೆ ಬರುವ ದಾರಿಯಲ್ಲಿ, ಕಾಡು ಮುಗಿದು ಗದ್ದೆಬಯಲು ಶುರುವಾಗುವ ತಿರುವಿನಲ್ಲಿ ಪೊಲೀಸರು ಚೆಕ್‌ಪೋಸ್ಟ್ ಹಾಕಿದ್ದರು. ಎರಡು ಸಾವಿರದ ಆರು, ಏಳರ ಕಾಲ. ಕಾಡಿನಲ್ಲಿ ನಕ್ಸಲರು ಓಡಾಡುತ್ತಿದ್ದಾರೆ ಎಂಬ ಸುದ್ದಿ ಇಲ್ಲದ ವಾರವಿರಲಿಲ್ಲ. ಬಸ್ಸು ನಿಲ್ಲಬೇಕು, ಗಂಡಸರು ಇಳಿದು ಸಾಲಾಗಿ ನಿಂತು ಹೆಸರು, ಊರು ಹೇಳಬೇಕು, ಮತ್ತೆ ಹತ್ತಬೇಕು. ಊರಿನವರಿಗೆ ಇದು ಅಭ್ಯಾಸವಾಗಿ, ಮಾತಾಡುತ್ತಲೇ ಇಳಿದು ಮಾತಾಡುತ್ತಲೇ ಹತ್ತುತ್ತಿದ್ದರು.

ಆವತ್ತು ಸಾಲಿನಲ್ಲಿ ಕಶ್ಯಪನ ಸರದಿ ಬಂದಾಗ ಪೊಲೀಸಿನವನು, "ನಿನ್ನ ಹೆಸರೇನು?" ಎಂದು ಕೇಳಿದ.

"ನಿನ್ನ ಹೆಸರೇನು?" ಎಂದ ಕಶ್ಯಪ. ಅದೇ ಗಡಸು ದನಿ, ಅದೇ ಏರಿಳಿತ.

"ಏನು?"

"ಏನು?"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪೊಲೀಸಿನವನ ಮುಖ ಕೆಂಪಾಯಿತು. ಹತ್ತೊಂಬತ್ತು ವರ್ಷದ, ತನಗಿಂತ ಎತ್ತರದ, ಕುರುಚಲು ಗಡ್ಡದ ಹುಡುಗ ತನ್ನ ಕಣ್ಣು ನೋಡದೆ ಭುಜದ ಆಚೆ ಎಲ್ಲೋ ನೋಡುತ್ತ ತನ್ನನ್ನೇ ಅಣಕಿಸುತ್ತಿದ್ದಾನೆ ಎಂದುಕೊಂಡ. ಕೊರಳಪಟ್ಟಿಗೆ ಕೈ ಹಾಕುವಷ್ಟರಲ್ಲಿ ಗಂಗಾಲಕ್ಷ್ಮಿ ಬಸ್ಸಿನ ಮೆಟ್ಟಿಲಿನಿಂದ ಹಾರಿದಂತೆ ಇಳಿದು ಬಂದು ಇಬ್ಬರ ನಡುವೆ ನಿಂತರು. "ಅಣಕಿಸೋದಲ್ಲ ಸ್ವಾಮೀ, ಅವನಿಗೆ ಮಾತು ಬರೋದೇ ಹಾಗೆ. ಹುಟ್ಟಿದಾಗಿಂದ ಹಾಗೆ" ಎಂದು ಕೈಮುಗಿದರು. ಇಳಿಯುವಾಗ ಅವರ ಮಂಡಿ ಉಳುಕಿತ್ತು. ಅದು ತಿಳಿದದ್ದು ಕೊಪ್ಪ ತಲುಪಿದ ಮೇಲೆ.

ಕೊಪ್ಪದಲ್ಲಿ ನಯನ ಈ ಕತೆಯನ್ನು ನಿಂತುಕೊಂಡೇ ಕೇಳಿದಳು. ಅವಳು ನರಸಿಂಹರಾಜಪುರದ ಕಡೆಯ ರೈತರ ಮನೆಯವಳು. ಮೈಸೂರಿನಲ್ಲಿ ವಿಶೇಷ ಶಿಕ್ಷಣದ ತರಬೇತಿ ಮುಗಿಸಿ ಬಂದು, ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಒಂದು ಹಳೆಯ ಗೋದಾಮಿನಲ್ಲಿ ತರಗತಿ ನಡೆಸುತ್ತಿದ್ದಳು. ಶಾಲೆಗಳು ಬೇಡವೆಂದ ಮಕ್ಕಳು, ಮಕ್ಕಳ ವಯಸ್ಸು ದಾಟಿಯೂ ಎಲ್ಲೂ ಸಲ್ಲದವರು ಅಲ್ಲಿಗೆ ಬರುತ್ತಿದ್ದರು. ಅಕ್ಷರಕ್ಕಿಂತ ಹೆಚ್ಚಾಗಿ ಅವಳು ಕಲಿಸುತ್ತಿದ್ದದ್ದು ಅಂಗಡಿಯಲ್ಲಿ ಸೋಪು ಕೇಳುವುದು, ಸರದಿಯಲ್ಲಿ ನಿಲ್ಲುವುದು, ಯಾರಾದರೂ ಅಳುತ್ತಿದ್ದರೆ ನಗದೆ ಇರುವುದು, ಇಂಥವು. ಗೋದಾಮಿನ ಒಂದು ಮೂಲೆಯಲ್ಲಿ ಅಡಿಕೆ ಹಾಳೆಯಿಂದ ತಟ್ಟೆ ಒತ್ತುವ ಯಂತ್ರವಿತ್ತು. ಕಶ್ಯಪ ಆ ಯಂತ್ರಕ್ಕಾಗಿಯೇ ಬರುತ್ತಿದ್ದ. ಬಿಸಿ ಅಚ್ಚು ಹಾಳೆಯ ಮೇಲೆ ಕೂತಾಗ ಬರುವ ಸುಯ್ಯೆಂಬ ಸದ್ದಿಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಮಂಗಳವಾರ, ಶುಕ್ರವಾರ ಯಾರೂ ಎಬ್ಬಿಸದೆ ಎದ್ದು ಬ್ಯಾಗು ಹಾಕಿಕೊಂಡು ಗೇಟಿನ ಹತ್ತಿರ ನಿಂತಿರುತ್ತಿದ್ದ.

ಮಂಡಿ ನೋವಿನ ಗಂಗಾಲಕ್ಷ್ಮಿಗೆ ಡಾಕ್ಟರು ಬಸ್ ಪ್ರಯಾಣ ಬೇಡವೆಂದರು. ತಂದೆ ದತ್ತಮೂರ್ತಿ ಭಟ್ಟರು ಪೌರೋಹಿತ್ಯದವರು. ಬೆಳಗಾದರೆ ಶೃಂಗೇರಿಯ ಸುತ್ತ ಯಾರದ್ದಾದರೂ ಮನೆಯಲ್ಲಿ ಅವರಿಗೆ ಕಾರ್ಯವಿರುತ್ತಿತ್ತು. ಮಗನನ್ನು ಎಲ್ಲಿಗೂ ಕರೆದೊಯ್ಯುವ ರೂಢಿ ಅವರಿಗಿರಲಿಲ್ಲ.

"ಮನೆಯಲ್ಲಿರಲಿ. ಹಾಳೆ ತಟ್ಟೆ ಒತ್ತಿ ಅವನು ಸಾಧಿಸಬೇಕಾದ್ದು ಎಂತದೂ ಇಲ್ಲ" ಎಂದರು, ವಿಚಾರಿಸಲು ಕಿಗ್ಗಕ್ಕೆ ಹೋದ ನಯನಳಿಗೆ.

ಅಂದು ಶುಕ್ರವಾರ. ಕಶ್ಯಪ ಬ್ಯಾಗು ಹೆಗಲಿಗೇರಿಸಿಕೊಂಡು ಬೆಳಗಿನಿಂದ ಗೇಟಿನಲ್ಲೇ ನಿಂತಿದ್ದ. ಬಿಸಿಲು ಮಾರ್ಚ್ ತಿಂಗಳದ್ದು. ಒಳಗೆ ಬಾ ಎಂದರೆ, "ಒಳಗೆ ಬಾ" ಎನ್ನುತ್ತಿದ್ದ, ಕದಲುತ್ತಿರಲಿಲ್ಲ.

"ಅವನೊಬ್ಬನೇ ಬರುವುದನ್ನು ಕಲಿಸುತ್ತೇನೆ. ನನಗೆ ಸ್ವಲ್ಪ ಸಮಯ ಕೊಡಿ" ಎಂದಳು ನಯನ.

"ಆ ಚೆಕ್‌ಪೋಸ್ಟಿನಲ್ಲಿ ಏನಾದರೂ ಆದರೆ?"

ಗಂಗಾಲಕ್ಷ್ಮಿ ಒಳಗಿನಿಂದಲೇ, "ಮಾಣಿ ಗೇಟಿನಲ್ಲೇ ನಿಂತು ಮುದುಕನಾಗ್ತ. ಟೀಚರು ಕಲಿಸಲಿ" ಎಂದರು. ಭಟ್ಟರು ಪಂಚೆ ಸರಿಪಡಿಸಿಕೊಂಡು ಹೊರಟುಹೋದರು. ಹೂಂ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ.

ಬೆಳಿಗ್ಗೆ ಕೊಪ್ಪದಿಂದ ಕಿಗ್ಗಕ್ಕೆ ಹೋಗಿ, ಅದೇ ಬಸ್ಸಿನಲ್ಲಿ ಅವನ ಪಕ್ಕ ಕೂತು ವಾಪಸಾಗುವುದು ನಯನಳ ಕೆಲಸವಾಯಿತು. ಟಿಕೆಟ್ ಕೇಳುವುದನ್ನು ಕಶ್ಯಪ ಬೇಗ ಕಲಿತ. ಇಳಿಯುವ ಜಾಗವಂತೂ ಮೊದಲೇ ಗೊತ್ತಿತ್ತು. ಕಷ್ಟವಾದದ್ದು ಹೆಸರು.

ಹೆಸರು ಕೇಳಿದರೆ ಪ್ರಶ್ನೆಯನ್ನು ತಿರುಗಿ ಹೇಳಬಾರದು, ಉತ್ತರ ಹೇಳಬೇಕು. ತರಗತಿಯಲ್ಲಿ ನಯನ ಪ್ರಶ್ನೆಯನ್ನು ಪಿಸುಮಾತಿನಲ್ಲಿ ಕೇಳಿ ಉತ್ತರವನ್ನು ಗಟ್ಟಿಯಾಗಿ ಹೇಳಿಕೊಡುತ್ತಿದ್ದಳು. ಗಟ್ಟಿಯಾಗಿ ಕೇಳಿದ್ದನ್ನು ಅವನು ಹಿಡಿದುಕೊಳ್ಳುತ್ತಿದ್ದ. ನಿಧಾನವಾಗಿ ಉತ್ತರ ಕೂತಿತು. "ಹೆಸರು ಕಶ್ಯಪ. ಊರು ಕಿಗ್ಗ. ಅಪ್ಪನ ಹೆಸರು ದತ್ತಮೂರ್ತಿ. ಹೋಗುವುದು ಕೊಪ್ಪಕ್ಕೆ, ನಯನ ಟೀಚರ ಶಾಲೆಗೆ." ಮಾತು ತೋಚದಿದ್ದರೆ ಹೇಳಲು ಇನ್ನೊಂದು ವಾಕ್ಯ ಕಲಿಸಿದಳು: "ನನಗೆ ಮಾತು ನಿಧಾನ, ಸ್ವಲ್ಪ ತಾಳಿ." ಅದು ಮಾತ್ರ ಸರಿಹೋಗಲಿಲ್ಲ. ನಾನು, ನೀವು ಅವನ ಬಾಯಲ್ಲಿ ಅದಲುಬದಲು. "ನಿಮಗೆ ಮಾತು ನಿಧಾನ, ಸ್ವಲ್ಪ ತಾಳಿ" ಎನ್ನುತ್ತಿದ್ದ. ಎಷ್ಟು ತಿದ್ದಿದರೂ ಅಷ್ಟೇ.

ಒಂದು ದಿನ ಪಕ್ಕದ ಅಂಗಡಿಯ ಸೋಮಶೇಖರಪ್ಪನವರನ್ನು ಕರೆದು ಪ್ರಶ್ನೆ ಕೇಳಿಸಿದಳು. ಕಶ್ಯಪ ಅವರ ಭುಜದಾಚೆ ನೋಡುತ್ತ, "ನಿನ್ನ ಹೆಸರೇನಪ್ಪಾ" ಎಂದು ಅವರದ್ದೇ ರಾಗದಲ್ಲಿ ಹೇಳಿದ. ನಯನ ಬೆಂಚಿನ ಮೇಲೆ ಕೂತಳು. ಇಷ್ಟು ದಿನ ಕಲಿತದ್ದೆಲ್ಲ ಅವಳ ದನಿಗೆ, ಅವಳ ಮುಖಕ್ಕೆ, ಈ ನಾಲ್ಕು ಗೋಡೆಗೆ ಅಂಟಿಕೊಂಡ ಕಲಿಕೆ. ಬಂದೂಕು ಹಿಡಿದವನ ಮುಂದೆ ಅದು ಇರುವುದಿಲ್ಲ.

ಮಾರನೆಯ ದಿನ ಅವಳು ಚೆಕ್‌ಪೋಸ್ಟಿನಲ್ಲಿ ಇಳಿದುಕೊಂಡಳು. ಅಂದು ಡ್ಯೂಟಿಯಲ್ಲಿದ್ದವನು ಮರುಳಸಿದ್ದಪ್ಪ, ದಾವಣಗೆರೆ ಕಡೆಯ ಹೆಡ್ ಕಾನ್‌ಸ್ಟೆಬಲ್. ಅವಳ ಮಾತನ್ನು ಪೂರ್ತಿ ಕೇಳಿದ.

"ಅಂದ್ರೆ ನಾನು ನಿಮ್ಮ ಹುಡುಗನ ಮುಂದೆ ಪೊಲೀಸ್ ಪಾರ್ಟು ಹಾಕ್ಬೇಕು ಅಂತೀರಿ."

"ಪಾರ್ಟಲ್ಲ. ನೀವು ಪೊಲೀಸರೇ ಅಲ್ವಾ. ಯಾವಾಗಿನ ಹಾಗೆ ಕೇಳಿ, ಸಾಕು."

"ಮೇಡಂ, ಇಲ್ಲಿ ನಿಂತೋರು ಯಾರೂ ಆರಾಮಾಗಿ ನಿಂತಿಲ್ಲ. ಆ ಕಾಡು ನೋಡ್ರಿ. ಅದರೊಳಗಿಂದ ಯಾರು ನಮ್ಮನ್ನ ನೋಡ್ತಿದಾರೋ ನಮಗೆ ಗೊತ್ತಿಲ್ಲ. ಇಂಥದರಾಗ ಪಾಠ ಎಲ್ಲಿಂದ ಮಾಡ್ಲಿ?"

ನಯನ ವಾಪಸ್ ಹೊರಟಾಗ ಅವನೇ ಹಿಂದಿನಿಂದ ಕೂಗಿದ. "ಆ ಹುಡುಗನಿಗೆ ಭಯ ಆದ್ರೆ ಏನ್ ಮಾಡ್ತಾನ?"

"ಕೈ ಬ್ಯಾಗಿನೊಳಗೆ ಹಾಕಿ ಅಲ್ಲಿರೋ ಅಡಿಕೆ ಹಾಳೆ ತುಂಡು ಹಿಡ್ಕೊಳ್ತಾನೆ."

ಮರುಳಸಿದ್ದಪ್ಪ ತಲೆ ಅಲ್ಲಾಡಿಸಿದ. "ಹೆಸರು ಆಮೇಲೆ ಕಲಿಸ್ರಿ. ಮೊದ್ಲು ಕೈ ಹೊರಗೆ ಇಡೋದು ಕಲಿಸ್ರಿ. ಎರಡೂ ಅಂಗೈ ಕಾಣ್ಬೇಕು. ಬ್ಯಾಗಿಗೆ ಕೈ ಹಾಕೋನ್ನ ಕಂಡ್ರೆ ನಮ್ಮೋರು ಹೆಸರು ಕೇಳ್ತಾ ಕೂರಲ್ಲ."

ಅಂದಿನಿಂದ ಪಾಠದಲ್ಲಿ ಕೈಗಳೂ ಸೇರಿದವು. ಯಾರಾದರೂ ಹೆಸರು ಕೇಳಿದರೆ ಎರಡೂ ಅಂಗೈ ಎದೆಯ ಮಟ್ಟಕ್ಕೆ ಎತ್ತಿ ತೋರಿಸಬೇಕು, ಆಮೇಲೆ ಬಾಯಿ. ಮರುಳಸಿದ್ದಪ್ಪ ರಜೆಯ ಒಂದು ಮಧ್ಯಾಹ್ನ ಖಾಕಿ ಹಾಕಿಕೊಂಡೇ ಕೊಪ್ಪಕ್ಕೆ ಬಂದ. ಮೊದಲ ಸಲ ಕಶ್ಯಪ ಯಂತ್ರದ ಹಿಂದೆ ಅಡಗಿದ. ಮುಂದಿನ ವಾರ ಗೋಡೆಗೆ ಮುಖ ಮಾಡಿ ಉತ್ತರ ಹೇಳಿದ. ಆಮೇಲೆ ಚೆಕ್‌ಪೋಸ್ಟಿನಲ್ಲೇ, ಬಸ್ಸಿನಿಂದ ಇಳಿದು, ಸಾಲಿನಲ್ಲಿ ನಿಂತು, ಅಂಗೈ ತೋರಿಸಿ, ಮರುಳಸಿದ್ದಪ್ಪನಿಗೂ ಅವನ ಜೊತೆಯವನಿಗೂ ಹೆಸರು, ಊರು ಹೇಳಿದ. ನಯನ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದಳು.

ಇನ್ನು ಉಳಿದದ್ದು ಅವನೊಬ್ಬನೇ ಬರುವುದು. ಒಂದು ಮಂಗಳವಾರ ಗೊತ್ತುಮಾಡಿದರು. ನಯನ ಬಸ್ಸಿನ ಹಿಂದಿನ ಸೀಟಿನಲ್ಲಿ ಇರುವುದು, ಏನೇ ಆದರೂ ಮಾತಾಡದಿರುವುದು, ಕಶ್ಯಪ ಮುಂದೆ ಒಬ್ಬನೇ ಕೂರುವುದು. ಬೆಳಿಗ್ಗೆ ಬಸ್ಸು ಹೊರಡುವಾಗ ಭಟ್ಟರೂ ಹತ್ತಿದರು. "ನನ್ನ ಮಗ. ನಾನೂ ನೋಡ್ತೇನೆ" ಎಂದು ನಯನಳ ಸಾಲಿನ ಇನ್ನೊಂದು ತುದಿಯಲ್ಲಿ ಕೂತರು.

ತಿರುವು ಸಮೀಪಿಸಿದಾಗ ಬಸ್ಸು ನಿಧಾನವಾಯಿತು. ಮುಂದೆ ಮೂರು ಜೀಪು. ಮರುಳಸಿದ್ದಪ್ಪ ಎಲ್ಲೂ ಕಾಣಲಿಲ್ಲ. ನಿಂತಿದ್ದವರು ಖಾಕಿಯವರಲ್ಲ, ಹಸಿರು ಕಂದು ಮಚ್ಚೆಯ ಬಟ್ಟೆ, ತಲೆಗೆ ಕಟ್ಟಿದ ಬಟ್ಟೆ, ಕೈಯಲ್ಲಿ ಉದ್ದ ಬಂದೂಕು. ಖಾಕಿಯನ್ನು ಗುರುತಿಸಲು ಕಲಿತ ಕಶ್ಯಪನಿಗೆ ಇವರು ಪೊಲೀಸರೆಂದು ಹೇಗೆ ತಿಳಿಯಬೇಕು?

ಕಂಡಕ್ಟರ್ ನವೀನ ಹಿಂದೆ ಬಂದು ಬಗ್ಗಿ ಹೇಳಿದ. "ಮೇಡಂ, ಮೇಲಿನ ಕಾಡಲ್ಲಿ ಗುಂಡು ಹಾರಿದ್ಯಂತೆ. ಹೊಸಬರು ಬಂದಿದ್ದಾರೆ. ಎಲ್ರೂ ಇಳೀಬೇಕಂತೆ, ಹೆಂಗಸರೂ."

"ಸಾಕು ಈ ಆಟ" ಎಂದು ಭಟ್ಟರು ಎದ್ದರು. "ನಾನು ಹೋಗಿ ಹೇಳ್ತೇನೆ."

ನಯನ ಅವರ ದಾರಿಗೆ ಅಡ್ಡ ನಿಂತಳು. ಕಶ್ಯಪ ಆಗಲೇ ಎಲ್ಲರ ಜೊತೆ ಇಳಿದು ಸಾಲಿನಲ್ಲಿ ನಿಂತಿದ್ದ. "ಭಟ್ರೇ, ಬೇಡ. ನಿಮ್ಮ ದನಿ ಕೇಳಿದ್ರೆ ಅವನು ಸಾಲು ಬಿಟ್ಟು ಓಡಿ ಬರ್ತಾನೆ. ಈಗ ಯಾರೂ ಓಡಬಾರದು. ಯಾರೂ."

ಇಬ್ಬರೂ ಇಳಿದು ಸಾಲಿನ ಕೊನೆಗೆ ನಿಂತರು. ಒಂದು ಮಗು ಕೆಮ್ಮಿದ್ದು ಇಡೀ ಬಯಲಿಗೆ ಕೇಳಿಸಿತು. ನಯನಳ ಕಣ್ಣು ಕಶ್ಯಪನ ಕೈಗಳ ಮೇಲಿತ್ತು. ಅವು ಬ್ಯಾಗಿನ ಬಾಯಿಯ ಹತ್ತಿರ ಹೋಗುತ್ತಿದ್ದವು, ಹಿಂದೆ ಬರುತ್ತಿದ್ದವು, ಮತ್ತೆ ಹೋಗುತ್ತಿದ್ದವು.

ಅವನ ಸರದಿ ಬಂತು. ಮಚ್ಚೆ ಬಟ್ಟೆಯ ಯುವಕ ಹೆಸರು ಕೇಳಲಿಲ್ಲ. "ಬ್ಯಾಗಲ್ಲಿ ಏನಿದೆ?" ಎಂದ.

ಕಶ್ಯಪ ಎರಡೂ ಅಂಗೈ ಎತ್ತಿದ. "ಬ್ಯಾಗಲ್ಲಿ ಏನಿದೆ?"

"ಏಯ್, ತಮಾಷೆನಾ?"

"ತಮಾಷೆನಾ?"

ಭಟ್ಟರ ಉಸಿರು ನಯನಳ ಕಿವಿಗೆ ಬಡಿಯುತ್ತಿತ್ತು. ಅವಳು ಅವರ ತೋಳನ್ನು ಹಿಡಿದಿದ್ದಳು. ಬೇರೆ ದಿನವಾದರೆ ಯಾವ ಪುರೋಹಿತರ ತೋಳನ್ನೂ ಅವಳು ಹಾಗೆ ಹಿಡಿಯುತ್ತಿರಲಿಲ್ಲ. "ಇರಿ, ಇರಿ" ಎನ್ನುತ್ತಿದ್ದಳು, ತನಗೇ ಹೇಳಿಕೊಂಡಂತೆ.

ಆಗ ಇನ್ನೊಬ್ಬ ಹಿಂದಿನಿಂದ ಬಂದು ಬ್ಯಾಗಿನ ಪಟ್ಟಿ ಹಿಡಿದು ಎಳೆದ.

ಕಶ್ಯಪ ಕಿರುಚಿದ. ಯಾರೂ ಹಿಂದಿನಿಂದ ಮುಟ್ಟುವುದನ್ನು ಅವನು ಎಂದೂ ಸಹಿಸಿದವನಲ್ಲ. ಕುಕ್ಕರುಗಾಲಲ್ಲಿ ಕೂತು ಕಿವಿ ಮುಚ್ಚಿಕೊಂಡು ಕಿರುಚುತ್ತಲೇ ಇದ್ದ. ಸಾಲು ಚೆದುರಿತು. ಎರಡು ಬಂದೂಕುಗಳು ಒಟ್ಟಿಗೆ ಮೇಲೆದ್ದವು. ಭಟ್ಟರು ನಯನಳ ಕೈ ಕಿತ್ತುಕೊಂಡು ಓಡಿದರು.

"ನಿಲ್ಲು!"

ಬಂದೂಕಿನ ಮೊನೆ ಅವರ ಕಡೆ ತಿರುಗಿತು. ಭಟ್ಟರು ನಿಂತರು. ಹೆಗಲ ಮೇಲಿನ ಶಲ್ಯ ಜಾರಿ ಧೂಳಿಗೆ ಬಿತ್ತು.

"ಯಾರು ನೀನು? ಹೆಸರು ಹೇಳು!"

ಅವರ ತುಟಿ ಅಲುಗಿತು. ದನಿ ಬರಲಿಲ್ಲ. ಪುಸ್ತಕವಿಲ್ಲದೆ ಗಂಟೆಗಟ್ಟಲೆ ಮಂತ್ರ ಹೇಳುತ್ತಿದ್ದ ಬಾಯಿಯಲ್ಲಿ ಸ್ವಂತ ಹೆಸರು ಹೊರಡಲಿಲ್ಲ.

"ಹೆಸರು ಹೇಳು ಅಂದೆ!"

ಕಿರುಚಾಟ ನಿಂತಿತು. ಕೂತಲ್ಲಿಂದಲೇ ಕಶ್ಯಪ ಎರಡೂ ಅಂಗೈ ಎದೆಯ ಮಟ್ಟಕ್ಕೆ ಎತ್ತಿದ್ದ. "ಹೆಸರು ಕಶ್ಯಪ" ಎಂದ, ತರಗತಿಯಲ್ಲಿ ಹೇಳುವ ಅದೇ ಸಮದನಿಯಲ್ಲಿ. "ಊರು ಕಿಗ್ಗ. ಅಪ್ಪನ ಹೆಸರು ದತ್ತಮೂರ್ತಿ. ಹೋಗುವುದು ಕೊಪ್ಪಕ್ಕೆ, ನಯನ ಟೀಚರ ಶಾಲೆಗೆ."

ಯುವಕ ಬಂದೂಕು ಇಳಿಸದೆ ಅಪ್ಪನನ್ನೂ ಮಗನನ್ನೂ ನೋಡಿದ. ಏನೋ ಕೇಳಲು ಬಾಯಿ ತೆರೆದ, ಮಾತು ತಡವರಿಸಿತು.

"ನಿಮಗೆ ಮಾತು ನಿಧಾನ" ಎಂದ ಕಶ್ಯಪ. "ಸ್ವಲ್ಪ ತಾಳಿ."

ಯಾರೂ ನಗಲಿಲ್ಲ. ನಯನ ತನ್ನ ಎರಡೂ ಕೈ ಮೇಲೆತ್ತಿ, ಒಂದೊಂದೇ ಹೆಜ್ಜೆಯಿಟ್ಟು ಮುಂದೆ ಬಂದಳು. "ನಾನೇ ನಯನ ಟೀಚರ್. ಬ್ಯಾಗಲ್ಲಿ ಅಡಿಕೆ ಹಾಳೆ ಮತ್ತು ಊಟದ ಡಬ್ಬಿ ಇದೆ. ಅವರು ಅವನ ತಂದೆ" ಎಂದಳು. ಜೀಪಿನ ಹತ್ತಿರ ನಿಂತಿದ್ದ ಹಿರಿಯ ಅಧಿಕಾರಿ ಕೈಸನ್ನೆ ಮಾಡಿದರು. ಬಂದೂಕುಗಳು ಕೆಳಗಿಳಿದವು.

ಅಧಿಕಾರಿ ಬ್ಯಾಗು ನೋಡಿ ತಾವೇ ಕಶ್ಯಪನ ಪಕ್ಕ ಇಟ್ಟರು. ಆಮೇಲೆ ನಯನಳನ್ನು ಪಕ್ಕಕ್ಕೆ ಕರೆದು, "ಜೊತೆಗೇ ಇದ್ದವರು ಮೊದಲೇ ಯಾಕೆ ಹೇಳಲಿಲ್ಲ?" ಎಂದರು.

"ನಾಳೆ ನಾನು ಜೊತೆಗಿರೋದಿಲ್ಲ ಸಾರ್. ಅದಕ್ಕೆ."

"ನಮ್ಮ ಹುಡುಗರು ನಿದ್ದೆ ಮಾಡಿಲ್ಲ. ಹೆದರಿದ್ದಾರೆ. ಅರ್ಧ ಕ್ಷಣ ಹೆಚ್ಚುಕಮ್ಮಿ ಆಗಿದ್ರೆ ನಾನೂ ನೀವೂ ಜೀವಮಾನ ಪೂರ್ತಿ ಅನುಭವಿಸಬೇಕಿತ್ತು." ಅವರು ಬೈಯುತ್ತಿರಲಿಲ್ಲ. ಅದು ನಯನಳಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಬಸ್ಸು ಹೊರಟಾಗ ಭಟ್ಟರು ಮಗನ ಮುಂದಿನ ಸೀಟಿನಲ್ಲಿ ಕೂತರು. ಶೃಂಗೇರಿಯಲ್ಲಿ ಅವನನ್ನು ಇಳಿಸಿಕೊಂಡು, ನಯನಳ ಕಡೆ ತಿರುಗಿಯೂ ನೋಡದೆ ಕಿಗ್ಗದ ಬಸ್ಸು ಹತ್ತಿಸಿದರು.

ಸುದ್ದಿ ಹಬ್ಬಿತು. ನಯನಳ ಪಾಠದಿಂದ ಅಪ್ಪ ಮಗ ಇಬ್ಬರೂ ಉಳಿದರು ಎಂದು ಕೊಪ್ಪದಲ್ಲಿ ಕೆಲವರು ಹೊಗಳಿದರು. ಭಾನುವಾರ ನರಸಿಂಹರಾಜಪುರದ ಮನೆಗೆ ಹೋದಾಗ ತಾಯಿ ಯಮುನಮ್ಮ ಮಾತ್ರ, "ಅವರ ಮಗನ್ನ ಕರ್ಕೊಂಡು ಹೋಗಿ ಕೋವಿ ಮುಂದೆ ನಿಲ್ಸಿದ್ಯಲ್ಲೇ ಮಾರಾಯ್ತಿ" ಎಂದರು. ನಯನ ಊಟದ ತಟ್ಟೆ ಬಿಟ್ಟು ಎದ್ದು ಕೈ ತೊಳೆದಳು. ಅದೇ ಮಾತನ್ನು ಅವಳು ಅಷ್ಟು ದಿನವೂ ತನಗೆ ಹೇಳಿಕೊಂಡಿದ್ದಳು.

ಕಶ್ಯಪ ಬರಲಿಲ್ಲ. ಮಂಗಳವಾರ ಬಂತು, ಶುಕ್ರವಾರ ಬಂತು. ಯಂತ್ರದ ಮುಂದೆ ಬೇರೆ ಮಕ್ಕಳು ನಿಂತರು. ಅವಳು ಕಿಗ್ಗಕ್ಕೆ ಫೋನ್ ಮಾಡಿದರೆ ಗಂಗಾಲಕ್ಷ್ಮಿ, "ಗೇಟಿಗೂ ಹೋಗ್ತಾ ಇಲ್ಲ ಟೀಚರೇ. ಮಂಚದ ಕೆಳಗೇ ಇರ್ತಾನೆ" ಎಂದು ಫೋನಿಟ್ಟರು.

ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ದತ್ತಮೂರ್ತಿ ಭಟ್ಟರು ಮಗನನ್ನು ಕರೆದುಕೊಂಡು ಗೋದಾಮಿನ ಬಾಗಿಲಲ್ಲಿ ನಿಂತಿದ್ದರು. ಕಶ್ಯಪ ನೇರವಾಗಿ ಯಂತ್ರದ ಹತ್ತಿರ ಹೋದ. ಭಟ್ಟರು ಕೂರಲಿಲ್ಲ.

"ನಿನ್ನೆ ಮನೆಯಲ್ಲಿ ನನ್ನ ತಂದೆಯ ತಿಥಿ. ನೆಂಟರೆಲ್ಲ ಬಂದಿದ್ದರು. ನನ್ನ ಸೋದರತ್ತೆ, ಎಂಬತ್ತು ದಾಟಿದವರು, ಇವನನ್ನು ಕಂಡು 'ಎಂತ ಮಾಣಿ, ನಿನ್ನ ಹೆಸರೆಂತ' ಎಂದು ಕೇಳಿದರು. ಪ್ರೀತಿಯಿಂದ ಕೇಳಿದ್ದು. ಇವನು ಎಂತ ಮಾಡಿದ ಗೊತ್ತುಂಟಾ?"

ನಯನಳಿಗೆ ಗೊತ್ತಾಯಿತು.

"ಎರಡೂ ಕೈ ಎತ್ತಿ ನಿಂತ. ಸಿಕ್ಕಿಬಿದ್ದ ಕಳ್ಳನ ಹಾಗೆ. ನೆಂಟರೆಲ್ಲ ಊಟ ಬಿಟ್ಟು ನೋಡಿದರು. ಇವನ ತಾಯಿ ಬಡಿಸುತ್ತಿದ್ದ ಪಾತ್ರೆ ಅಲ್ಲೇ ಇಟ್ಟು ಒಳಗೆ ಹೋದಳು." ಭಟ್ಟರ ದನಿ ಒಡೆಯಿತು. "ನೀವು ಕಲಿಸಿದ್ದು ಅವನ ಜೀವ ಉಳಿಸಿತು. ನನ್ನದೂ ಉಳಿಸಿತು. ಅದನ್ನು ಇಲ್ಲ ಅನ್ನೋದಿಲ್ಲ. ಆದರೆ ನನ್ನ ಮಗ ತನ್ನ ಮನೆಯಲ್ಲೇ ಹೀಗೆ ನಿಲ್ಲಬೇಕಾ?"

ಸಮರ್ಥನೆಗೆ ಬೇಕಾದ ಮಾತುಗಳು ನಯನಳಿಗೆ ತರಬೇತಿಯಲ್ಲಿ ಸಿಕ್ಕಿದ್ದವು. ಯಾವುದನ್ನೂ ಆಡಲು ಅವಳಿಗೆ ಮನಸ್ಸಾಗಲಿಲ್ಲ.

"ತಡ ಮಾಡಲು ಆಗದ ಪಾಠ ಅಂತ ಅದನ್ನೇ ಮೊದಲು ಕಲಿಸಿದೆ" ಎಂದಳು. "ಮನೆಗೆ ಬಂದವರ ಮುಂದೆ ಹೇಗಿರಬೇಕು ಅನ್ನೋದು ನನ್ನಿಂದ ಒಬ್ಬಳಿಂದಲೇ ಆಗೋದಿಲ್ಲ. ಪೊಲೀಸರನ್ನ ನಾನು ಕರೆದು ತಂದೆ. ನೆಂಟರನ್ನ ಎಲ್ಲಿಂದ ತರಲಿ? ಅದಕ್ಕೆ ನೀವು ಬೇಕು."

"ನಾನೆಂತ ಮಾಡಬೇಕು?"

"ಹೊರಗೆ ಹೋಗಿ ಬಾಗಿಲು ತಟ್ಟಿ. ಮನೆಗೆ ಬಂದ ನೆಂಟರ ಹಾಗೆ ಬನ್ನಿ."

ಅವರಿಗೆ ನಾಚಿಕೆಯಾಯಿತು. ರಸ್ತೆಯಲ್ಲಿ ಜನ ಹೋಗುತ್ತಿದ್ದರು. ಆದರೂ ಹೊರಗೆ ಹೋದರು, ಬಾಗಿಲು ತಟ್ಟಿದರು, ಒಳಗೆ ಬಂದು ಮಗನ ಮುಂದೆ ನಿಂತು, "ಹೆಸರು ಹೇಳು" ಎಂದರು. ಕಶ್ಯಪನ ಅಂಗೈಗಳು ಮೇಲೆದ್ದವು.

"ನೆಂಟರು ಹಾಗೆ ಕೇಳೋದಿಲ್ಲ ಭಟ್ರೇ" ಎಂದಳು ನಯನ.

ಮತ್ತೆ ಹೊರಗೆ, ಮತ್ತೆ ಒಳಗೆ. ಈ ಸಲ ದನಿ ಮೆತ್ತಗಿತ್ತು. ಕೈಗಳು ಮತ್ತೆ ಎದ್ದವು. ಮಗನ ಮುಖವನ್ನು ಭಟ್ಟರು ನೋಡಿದರು. ಅವನು ಹೆದರಿರಲಿಲ್ಲ. ಕಲಿಸಿದ್ದನ್ನು ಸರಿಯಾಗಿ ಮಾಡುತ್ತಿದ್ದೇನೆ ಎಂಬ ನೆಮ್ಮದಿ ಆ ಮುಖದಲ್ಲಿತ್ತು. ಭಟ್ಟರಿಗೆ ಅದನ್ನು ನೋಡುವುದು ಇನ್ನೂ ಕಷ್ಟವಾಯಿತು. ಅವರು ಆ ಕೈಗಳನ್ನು ಹಿಡಿದು ಇಳಿಸಲು ಹೋದರು, ನಯನ ಬೇಡವೆಂದು ತಲೆಯಾಡಿಸಿದಳು.

ಆಗ ಅವರು ಒಂದು ಕೆಲಸ ಮಾಡಿದರು. ಮಗನ ಎದುರು ನಿಂತು, ತಮ್ಮ ಎರಡು ಅಂಗೈ ಜೋಡಿಸಿ ಅವನಿಗೆ ನಮಸ್ಕಾರ ಮಾಡಿದರು. ತಂದೆ ಮಗನಿಗೆ ಕೈಮುಗಿಯುವ ಪದ್ಧತಿ ಅವರ ಮನೆಯಲ್ಲಿರಲಿಲ್ಲ, ಅವರು ಓದಿದ್ದರಲ್ಲೂ ಇರಲಿಲ್ಲ. "ನಮಸ್ಕಾರ" ಎಂದರು. ಕಣ್ಣು ತುಂಬಿತ್ತು.

ಕಶ್ಯಪ ಅವರ ಕೈಗಳನ್ನೇ ನೋಡಿದ. ಎತ್ತಿದ್ದ ಅಂಗೈಗಳು ನಿಧಾನವಾಗಿ ಹತ್ತಿರ ಬಂದು ಕೂಡಿದವು. "ನಮಸ್ಕಾರ" ಎಂದ, ಅಪ್ಪನದ್ದೇ ಒಡೆದ ದನಿಯಲ್ಲಿ.

ಅದು ಒಂದೇ ದಿನಕ್ಕೆ ನಿಲ್ಲುವ ಪಾಠವಾಗಿರಲಿಲ್ಲ. ಆ ಬೇಸಿಗೆಯೆಲ್ಲ ಭಟ್ಟರು ಕಾರ್ಯಕ್ಕೆ ಹೋದ ಮನೆಗಳಿಗೆ ಮಗನನ್ನೂ ಕರೆದೊಯ್ದರು. ಬಾಗಿಲಲ್ಲಿ ತಾವು ಮೊದಲು ಕೈಮುಗಿಯುವರು, ಮಗನೂ ಮುಗಿಯುವನು. ಕೆಲವು ಮನೆಗಳಲ್ಲಿ ಜನ ಮುಸಿಮುಸಿ ನಕ್ಕರು. ಒಂದು ಮನೆಯವರು ಮುಂದಿನ ಸಲ ಒಬ್ಬರೇ ಬನ್ನಿ ಎಂದರು. ಭಟ್ಟರು ಆ ಮನೆಗೆ ಮತ್ತೆ ಹೋಗಲಿಲ್ಲ. ಚೆಕ್‌ಪೋಸ್ಟಿಗೆ ಹೊಸ ತಂಡ ಬಂದಾಗಲೆಲ್ಲ ಅವರು ಮಗನ ಜೊತೆ ನಡೆದುಹೋಗಿ, "ಇವನು ನನ್ನ ಮಗ. ಮಂಗಳವಾರ, ಶುಕ್ರವಾರ ಈ ದಾರಿಯಲ್ಲಿ ಹೋಗ್ತಾನೆ. ನೋಡಿಟ್ಟುಕೊಳ್ಳಿ" ಎಂದು ಹೇಳಿ ಬರುತ್ತಿದ್ದರು. ಸಮವಸ್ತ್ರ ಕಂಡಲ್ಲಿ ಅಂಗೈ ತೋರಿಸುವುದು, ಬೇರೆಯವರಿಗೆ ಕೈಮುಗಿಯುವುದು, ಈ ಭೇದ ಕಶ್ಯಪನಿಗೆ ಪೂರ್ತಿ ಬಂತು ಎನ್ನುವ ಹಾಗಿಲ್ಲ. ಒಮ್ಮೆ ಪೋಸ್ಟ್‌ಮ್ಯಾನ್ ಮುಂದೆ ಅಂಗೈ ಎತ್ತಿದ. ಆ ಪೋಸ್ಟ್‌ಮ್ಯಾನ್ ಕಾಗದದ ಕಟ್ಟು ಕಂಕುಳಲ್ಲಿ ಇರುಕಿಕೊಂಡು ತಾನೂ ಅಂಗೈ ಎತ್ತಿ ತೋರಿಸಿ ಹೋದ.

ಜೂನ್ ಮೊದಲ ವಾರ ಅವನು ಒಬ್ಬನೇ ಹೊರಟ. ನಯನ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಕಾದಳು. ಬಸ್ಸು ಬರುವ ಹೊತ್ತಾಯಿತು, ಮೀರಿತು. ಶೃಂಗೇರಿ ಕಡೆಯಿಂದ ಬೇರೆ ಬಸ್ಸುಗಳು ಬಂದವು, ಅದು ಬರಲಿಲ್ಲ. ನವೀನನ ಫೋನು ಸ್ವಿಚ್ ಆಫ್ ಆಗಿತ್ತು. ಕಿಗ್ಗದಿಂದ ಭಟ್ಟರು ಫೋನ್ ಮಾಡಿ, "ಬಂದನಾ?" ಎಂದರು. ಅವಳು, "ಇನ್ನೂ ಇಲ್ಲ" ಎಂದಳು. ಇಬ್ಬರೂ ಫೋನು ಇಡಲಿಲ್ಲ. ಮೋಡ ಕಟ್ಟಿತ್ತು. ಟೀ ಅಂಗಡಿಯವನು ಟಿವಿಯ ದನಿ ಹೆಚ್ಚಿಸಿದಾಗ ಅವಳು ಫೋನು ಹಿಡಿದೇ ಅತ್ತ ಧಾವಿಸಿದಳು. ಅದು ಸುದ್ದಿಯಲ್ಲ, ಸಿನಿಮಾ ಹಾಡು.

ಕೊನೆಗೆ ಬಸ್ಸು ತಿರುಗಿ ಒಳಗೆ ಬಂತು. ಜನ ಇಳಿದರು. ಎಲ್ಲರೂ ಇಳಿದ ಮೇಲೆ ಕಶ್ಯಪ ಇಳಿದ. ಬ್ಯಾಗು ಹೆಗಲಲ್ಲಿತ್ತು, ಪ್ಯಾಂಟಿನ ಮಂಡಿಗೆ ಮಸಿ ಹತ್ತಿತ್ತು. ನಯನ ಅವನ ಹತ್ತಿರ ಹೋದಳು.

ಅವನು ಅವಳ ಭುಜದಾಚೆ ನೋಡುತ್ತ, "ಟೈರ್ ಪಂಚರ್" ಎಂದ.

ಯಾರೂ ಕೇಳದೆ ಅವನು ಒಂದು ಸುದ್ದಿ ಹೇಳಿದ್ದು ಅದೇ ಮೊದಲು. ಯಾರಿಂದಲೂ ಕಲಿತ ವಾಕ್ಯವಲ್ಲ ಅದು, ದಾರಿಯಲ್ಲಿ ಆದದ್ದು.

ನಯನ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ಅವನ ಕಡೆ ತಿರುಗಿಸಿದಳು. ಆಮೇಲೆ, ಯಾರು ಯಾರನ್ನು ಬೇಕಾದರೂ ಕೇಳುವ ಹಾಗೆ ಕೇಳಿದಳು. "ಹೌದಾ? ಯಾವ ಚಕ್ರ ಮಾರಾಯ?"

ಕಶ್ಯಪ ಯೋಚಿಸಿದ. ಹಿಂದೆ ಹಾರ್ನ್ ಹೊಡೆದ ಬಸ್ಸಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

"ಹಿಂದಿನದು" ಎಂದ. "ಎಡಗಡೆ."

ಫೋನಿನಲ್ಲಿ ಭಟ್ಟರು ಗಂಗಾಲಕ್ಷ್ಮಿಯನ್ನು ಕೂಗಿ ಕರೆಯುತ್ತಿರುವುದು ಕೇಳಿಸಿತು.